ಲೆಕ್ಕವೂ ದಾಸೋಹವೂ: ನಾಲ್ಕು ತಾಲ್ಲೂಕುಗಳ ಶಾಲೆಗಳ ವಿಚಾರ

(ಶ್ರೀಮಠದ ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಓದಲಾದ ಉಪನ್ಯಾಸ)

 

ಮಹೋತ್ಸವವೆಂಬುದು ಲೆಕ್ಕ ಹಾಕುವ ಕಾಲ. ಮಠವು ಎಷ್ಟು ವರ್ಷ ನಡೆದು ಬಂದಿತು, ಎಷ್ಟು ಜನ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದರು, ಎಷ್ಟು ಮಂದಿ ವಟುಗಳು ಅಕ್ಷರ ಕಲಿತು ಹೊರಟರು ಎಂದು ಭಕ್ತರು ಎಣಿಸುವರು. ಆ ಎಣಿಕೆಯು ಸಂತೋಷಕ್ಕಾಗಿ ಮಾತ್ರವಾದರೆ ಹೊಗಳಿಕೆಯಲ್ಲಿ ಮುಗಿಯುವುದು. ಪಂಕ್ತಿಗೆ ಇನ್ನೂ ಯಾರು ಬರಲಿಲ್ಲವೆಂದು ತಿಳಿಯುವುದಕ್ಕಾಗಿ ಎಣಿಸಿದರೆ ಅದೇ ದಾಸೋಹದ ಮೊದಲ ಮೆಟ್ಟಿಲಾಗುವುದು. ಈ ಎರಡನೆಯ ಬಗೆಯ ಎಣಿಕೆಯನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಹೇಗೆ ಅನ್ವಯಿಸಬಹುದೆಂಬುದೇ ಇಲ್ಲಿಯ ವಿಷಯ.

ಲೆಕ್ಕವೆಂಬುದು ಕಚೇರಿಯ ವ್ಯವಹಾರ, ಭಕ್ತಿಗೂ ಅದಕ್ಕೂ ಸಂಬಂಧವಿಲ್ಲವೆಂದು ಕೆಲವರು ಭಾವಿಸುವುದುಂಟು. ಶರಣಧರ್ಮವನ್ನು ಬಲ್ಲವರು ಹಾಗೆ ಹೇಳಲಾರರು. ಬಸವಣ್ಣನವರು ಬಿಜ್ಜಳನ ಭಂಡಾರದ ಅಧಿಕಾರವನ್ನು ವಹಿಸಿದ್ದವರು. ಅದಕ್ಕೆ ಮೊದಲು ಕರಣಿಕರಾಗಿದ್ದರೆಂದು ಪರಂಪರೆಯು ಹೇಳುತ್ತದೆ. ಹಗಲೆಲ್ಲ ರಾಜ್ಯದ ಆಯವ್ಯಯವನ್ನು ಬರೆದ ಕೈಯೇ ದಾಸೋಹವನ್ನೂ ನಡೆಸಿತು. ಆಯ್ದಕ್ಕಿ ಮಾರಯ್ಯನವರ ಕಥೆಯಂತೂ ಎಲ್ಲರೂ ಬಲ್ಲದ್ದೇ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆ ಶರಣರು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನವರು ಹೆಚ್ಚಾದುದನ್ನು ಮತ್ತೆ ಅಲ್ಲಿಯೇ ಹಾಕಿ ಬರಬೇಕೆಂದು ಹೇಳಿ ಕಳುಹಿದರು. ಅಳತೆಯನ್ನು ತಿಳಿಯದವರಿಗೆ ಅಕ್ಕಿ ಹೆಚ್ಚಾಯಿತೆಂಬುದೇ ಕಾಣದು. ಮೌಲ್ಯವನ್ನು ತಿಳಿಯದವರಿಗೆ ಹೆಚ್ಚಾದುದು ಕಂಡರೂ ಅದನ್ನು ಹಿಂದಿರುಗಿಸುವ ಮನಸ್ಸು ಬಾರದು. ಲಕ್ಕಮ್ಮನವರಲ್ಲಿ ಎರಡೂ ಇದ್ದುವು. ಒಂದು ಸೀಮೆಯ ಶಾಲೆಗಳು ಉತ್ತಮವಾಗಬೇಕಾದರೆ ಅಲ್ಲಿಯೂ ಎರಡು ಬೇಕು: ಸತ್ಯವಾದ ಅಳತೆ, ಎಲ್ಲರೂ ಒಪ್ಪಿದ ಮೌಲ್ಯ.

ಈ ನಾಲ್ಕು ತಾಲ್ಲೂಕುಗಳು ಒಂದರ ಪಕ್ಕದಲ್ಲೊಂದು ಇದ್ದರೂ ಒಂದೇ ಬಗೆಯವಲ್ಲ. ಹಿಂದಿನವರು ಎಡತೊರೆಯೆಂದು ಕರೆಯುತ್ತಿದ್ದ ಕೃಷ್ಣರಾಜನಗರದ ಸೀಮೆಯು ಕಾವೇರಿಯ ನಾಲೆಗಳ ನೀರುಂಡ ಬತ್ತದ ನಾಡು. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ನೆಲ. ಮುಂಗಾರಿನಲ್ಲಿ ನೆಟ್ಟ ಸೊಪ್ಪನ್ನು ಕೊಯ್ದು ಬ್ಯಾರನ್ನುಗಳಲ್ಲಿ ಹದಮಾಡುವ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಹಗಲಿರುಳು ದುಡಿಯುವರು. ಹೆಗ್ಗಡದೇವನಕೋಟೆಯಾದರೋ ಕಪಿಲೆಯ ಮತ್ತು ಕಾಡಿನ ನಾಡು. ೧೯೭೪ರಲ್ಲಿ ಪೂರ್ಣವಾದ ಕಬಿನಿ ಅಣೆಕಟ್ಟು, ನಾಗರಹೊಳೆಯ ಅರಣ್ಯ, ಅದರ ಅಂಚಿನಲ್ಲಿ ಜೇನುಕುರುಬರ, ಬೆಟ್ಟಕುರುಬರ, ಯರವರ, ಸೋಲಿಗರ ಹಾಡಿಗಳು ಅಲ್ಲಿವೆ. ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನಲ್ಲಿಯೂ ಹಾಡಿಗಳುಂಟು. ಈಚಿನ ವರ್ಷಗಳಲ್ಲಿ ಸರಗೂರು, ಸಾಲಿಗ್ರಾಮಗಳು ಬೇರೆ ತಾಲ್ಲೂಕುಗಳಾದುವು. ಇಲ್ಲಿ ಹಳೆಯ ಎಲ್ಲೆಯನ್ನೇ ಹಿಡಿದು ಮಾತು ನಡೆದಿದೆ.

೨೦೧೧ನೆಯ ಇಸವಿಯ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ೭೨.೭೯, ಇಡೀ ಕರ್ನಾಟಕದಲ್ಲಿ ೭೫.೩೬. ವಿದ್ಯೆಗೆ ಹೆಸರಾದ ರಾಜಧಾನಿಯನ್ನೂ ೧೯೧೬ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವನ್ನೂ ಒಡಲಲ್ಲಿಟ್ಟುಕೊಂಡ ಜಿಲ್ಲೆಯು ರಾಜ್ಯದ ಸರಾಸರಿಗಿಂತ ಕೆಳಗಿರುವುದೇಕೆ? ೧೯೧೩ರಲ್ಲಿಯೇ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ಕಾನೂನು ಮಾಡಿದ ಸಂಸ್ಥಾನದ ನಡುನಾಡಿನಲ್ಲಿ ಹೀಗಾದುದು ಯೋಚಿಸತಕ್ಕ ವಿಷಯ. ನಗರದ ದೀಪವು ಎಷ್ಟು ಉಜ್ವಲವಾಗಿದ್ದರೂ ಅದರ ಬೆಳಕು ಕಾಡಂಚಿಗೆ ತಾನಾಗಿಯೇ ಹರಿಯದೆಂಬುದನ್ನು ಈ ಎರಡು ಅಂಕಿಗಳು ತಿಳಿಸುತ್ತವೆ.

ಆದರೆ ಸರಾಸರಿಯೆಂಬುದನ್ನು ಎಚ್ಚರದಿಂದ ಓದತಕ್ಕದ್ದು. ದೃಷ್ಟಾಂತಕ್ಕಾಗಿ ಎರಡು ಶಾಲೆಗಳನ್ನು ಭಾವಿಸಿಕೊಳ್ಳಬಹುದು. ಎರಡರಲ್ಲಿಯೂ ನಲವತ್ತು ಮಕ್ಕಳು. ಎರಡರಲ್ಲಿಯೂ ಹಾಜರಿ ನೂರಕ್ಕೆ ಎಂಬತ್ತು. ಮೊದಲನೆಯದರಲ್ಲಿ ಪ್ರತಿಯೊಂದು ಮಗುವೂ ಐದು ದಿನಕ್ಕೊಮ್ಮೆ ತಪ್ಪಿಸಿಕೊಂಡಿದೆ. ಎರಡನೆಯದರಲ್ಲಿ ಮೂವತ್ತೆರಡು ಮಕ್ಕಳು ಒಂದು ದಿನವೂ ತಪ್ಪದೆ ಬಂದಿದ್ದಾರೆ, ಎಂಟು ಮಕ್ಕಳು ಒಂದು ದಿನವೂ ಬಂದಿಲ್ಲ. ಅವರು ತಂದೆತಾಯಿಗಳೊಡನೆ ಕಾಫಿ ಬಿಡಿಸುವುದಕ್ಕೆ ಕೊಡಗಿಗೆ ಹೋಗಿದ್ದಾರೆ. ಮೇಲಿನ ಕಚೇರಿಗೆ ಹೋಗುವ ಕಾಗದದಲ್ಲಿ ಎರಡು ಶಾಲೆಗಳೂ ಒಂದೇ. ಮೊದಲನೆಯದಕ್ಕೆ ಬೇಕಾದುದು ಶಿಸ್ತು. ಎರಡನೆಯದಕ್ಕೆ ಬೇಕಾದುದು ವಲಸೆ ಹೋದ ಮಕ್ಕಳಿಗೆ ಊರಿನಲ್ಲಿ ಉಳಿಯುವ ಆಸರೆ ಮತ್ತು ಹಿಂದಿರುಗಿದಾಗ ಬಿಟ್ಟಲ್ಲಿಂದ ಕಲಿಯುವ ದಾರಿ. ಸರಾಸರಿಯನ್ನೇ ನಂಬಿದವನು ಎರಡಕ್ಕೂ ಒಂದೇ ಮದ್ದು ಕೊಡುವನು. ಆದಕಾರಣ ಒಟ್ಟು ಅಂಕಿಯು ಪ್ರಶ್ನೆಯನ್ನು ಎಬ್ಬಿಸುವುದಕ್ಕೆ ಸಾಕು. ಉತ್ತರಕ್ಕೆ ಮಗುವಿನವರೆಗೂ ಇಳಿಯಬೇಕು.

ಮಗುವಿನವರೆಗೆ ಇಳಿದ ಒಂದು ಪ್ರಯತ್ನವು ಈ ನಾಲ್ಕು ತಾಲ್ಲೂಕುಗಳಲ್ಲಿ ಹಿಂದುಳಿದುದೆಂದು ಕರೆಸಿಕೊಳ್ಳುತ್ತಿದ್ದ ಹೆಗ್ಗಡದೇವನಕೋಟೆಯಲ್ಲಿಯೇ ಹುಟ್ಟಿತೆಂಬುದು ಹೆಮ್ಮೆಯ ಸಂಗತಿ. ಅದೇ ನಲಿ-ಕಲಿ. ೧೯೯೫ರಲ್ಲಿ ಆ ತಾಲ್ಲೂಕಿನ ಕೆಲವು ಸರಕಾರಿ ಶಾಲೆಯ ಉಪಾಧ್ಯಾಯರು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೊಠಡಿಯಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದುದನ್ನು ಕಂಡು ಬಂದರು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ನ ನೆರವೂ ದೊರೆಯಿತು. ಆದರೆ ಕೆಲಸವನ್ನು ಮಾಡಿದವರು ಉಪಾಧ್ಯಾಯರು. ಪಠ್ಯಪುಸ್ತಕದ ಪಾಠಗಳನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ, ಪ್ರತಿಯೊಂದು ಹೆಜ್ಜೆಗೂ ಕಾರ್ಡುಗಳನ್ನು ತಾವೇ ಬರೆದು, ಅವನ್ನೆಲ್ಲ ಕ್ರಮವಾಗಿ ಜೋಡಿಸಿ ಗೋಡೆಯ ಮೇಲೆ ಕಲಿಕಾ ಏಣಿಯನ್ನು ತೂಗುಹಾಕಿದರು.

ಆ ಕ್ರಮದಲ್ಲಿ ಪಾಠಶಾಲೆಯ ವಿದ್ವಾಂಸರನ್ನು ಬೆರಗುಗೊಳಿಸುವ ಅಂಶವೊಂದುಂಟು. ಅಕ್ಷರಮಾಲೆಯು ಅಕಾರದಿಂದ ಮೊದಲಾಗುವುದು ಶಾಸ್ತ್ರಸಮ್ಮತ. ನಲಿ-ಕಲಿಯ ಮಗುವಾದರೋ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಮೊದಲು ಮಾಡುವುದು. ಇದು ಶಾಸ್ತ್ರಕ್ಕೆ ವಿರೋಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಈ ಐದೇ ಅಕ್ಷರಗಳನ್ನು ಕಲಿತ ಮಗು ಸರ, ಅರಸ, ಅಗಸ, ದಸರ, ಗರಗಸ ಎಂಬ ಮಾತುಗಳನ್ನು ಓದಬಲ್ಲದು. ಐವತ್ತು ಅಕ್ಷರಗಳು ಮುಗಿಯುವವರೆಗೂ ಅರ್ಥಕ್ಕಾಗಿ ಕಾಯಬೇಕಾಗಿಲ್ಲ. ಮೊದಲ ತಿಂಗಳುಗಳಲ್ಲಿಯೇ ಅಕ್ಷರವು ಅರಿವಾಗುವುದು. ವರ್ಣಮಾಲೆಯ ಕ್ರಮವು ಬಲ್ಲವನ ಕ್ರಮ, ಇದು ಕಲಿಯುವವನ ಕ್ರಮ. ಎರಡಕ್ಕೂ ಅವುಗಳ ಎಡೆಯುಂಟು.

ತರಗತಿಯಲ್ಲಿ ಮಕ್ಕಳು ಐದು ಗುಂಪುಗಳಾಗಿ ಕುಳಿತುಕೊಳ್ಳುವರು. ಹೊಸದನ್ನು ತೊಡಗುವ ಗುಂಪಿಗೆ ಉಪಾಧ್ಯಾಯರ ಪೂರ್ಣ ಸಹಾಯ, ಮುಂದಿನದಕ್ಕೆ ಸ್ವಲ್ಪ ಸಹಾಯ, ಆಮೇಲೆ ಜೊತೆಯ ಮಕ್ಕಳ ಸಹಾಯ, ಕಡೆಗೆ ಮಗು ತಾನೇ ಕಲಿಯುವ ಗುಂಪು. ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಕರಿಹಲಗೆ, ತಲೆಯ ಮೇಲೆ ಅವರು ಮಾಡಿದ ಚಿತ್ರಗಳ ಚಪ್ಪರ. ಇದು ಹೊಸದೆಂದು ಕಂಡರೂ ಪೂರ್ತಿಯಾಗಿ ಹೊಸದಲ್ಲ. ಹಿಂದಿನ ಕೂಲಿಮಠಗಳಲ್ಲಿ ಅಯ್ಯನವರು ಮಕ್ಕಳನ್ನು ಮರಳ ಮೇಲೆ ತಿದ್ದಿಸುತ್ತಿದ್ದಾಗಲೂ ಮುಂದುವರಿದವನು ಹಿಂದುಳಿದವನಿಗೆ ಹೇಳಿಕೊಡುತ್ತಿದ್ದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ಈ ದೇಶದ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಇಂಗ್ಲೆಂಡಿಗೆ ಕೊಂಡೊಯ್ದನು. ಮರೆತುಹೋಗಿದ್ದ ಮನೆಯ ಒಡವೆಯು ಕೋಟೆಯ ಉಪಾಧ್ಯಾಯರ ಕೈಯಲ್ಲಿ ಮತ್ತೆ ಹೊಳೆಯಿತೆಂದರೆ ತಪ್ಪಾಗದು.

ಈ ಉಪನ್ಯಾಸದ ವಿಷಯಕ್ಕೆ ಮುಖ್ಯವಾದುದು ಪ್ರಗತಿನೋಟವೆಂಬ ಒಂದು ಹಾಳೆ. ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಅದು ಏಣಿಯ ಯಾವ ಮೆಟ್ಟಿಲಿನಲ್ಲಿದೆ ಎಂಬ ಗುರುತು ಅಲ್ಲಿರುವುದು. ಕಾಫಿಯ ಕಾಲಕ್ಕೆ ಹೋಗಿ ಮೂರು ತಿಂಗಳ ಮೇಲೆ ಬಂದ ಹಾಡಿಯ ಮಗುವಿಗೆ, ಪುಸ್ತಕದ ಕ್ರಮದಲ್ಲಿಯಾದರೆ ಪಾಠವು ಹತ್ತು ಹಾಳೆ ಮುಂದೆ ಹೋಗಿರುವುದು. ಮಗು ನಾಚಿ ಹಿಂದಿನ ಸಾಲಿನಲ್ಲಿ ಕುಳಿತು, ಬಳಿಕ ಬಾಗಿಲಿನಾಚೆಗೆ ಸರಿಯುವುದು. ಪ್ರಗತಿನೋಟವಿದ್ದ ಕಡೆಯಲ್ಲಿ ಅದು ಬಿಟ್ಟ ಮೆಟ್ಟಿಲು ಅದಕ್ಕಾಗಿ ಕಾದಿರುವುದು. ಮಗುವನ್ನು ಅಳೆದು ದೂಡುವ ಲೆಕ್ಕ ಒಂದು ಬಗೆ, ಮಗುವಿಗಾಗಿ ಸ್ಥಳ ಹಿಡಿದಿಡುವ ಲೆಕ್ಕ ಮತ್ತೊಂದು ಬಗೆ. ಅಂಕಿಯು ಕರುಣೆಯ ಉಪಕರಣವಾಗುವುದು ಹೀಗೆ.

೨೦೦೯-೧೦ನೆಯ ಸಾಲಿನಲ್ಲಿ ಈ ಪದ್ಧತಿಯು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೂ, ಆಮೇಲೆ ಮೂರನೆಯ ತರಗತಿಗೂ ವ್ಯಾಪಿಸಿತು. ಒಂದು ಕಾಡುತಾಲ್ಲೂಕಿನ ಉಪಾಧ್ಯಾಯರ ಕೃತಿ ನಾಡಿಗೆಲ್ಲ ಹಬ್ಬಿದುದು ಸಣ್ಣ ಮಾತಲ್ಲ. ಆದರೆ ಹಬ್ಬುವಾಗ ಒಂದು ನಷ್ಟವೂ ಆಯಿತೆಂದು ಬಲ್ಲವರು ಹೇಳುವರು. ಮೊದಲಿನವರು ಕಾರ್ಡನ್ನು ತಾವೇ ಬರೆದಿದ್ದರು. ಏಕೆ ಬರೆದರೆಂಬುದನ್ನು ಬಲ್ಲವರಾಗಿದ್ದರು. ಆಜ್ಞೆಯ ಮೂಲಕ ಪಡೆದವರಲ್ಲಿ ಕೆಲವರಿಗೆ ಕಾರ್ಡು ತಲಪಿತು, ಕಾರಣ ತಲಪಲಿಲ್ಲ. ಅಂಥ ಕಡೆ ಪ್ರಗತಿನೋಟವು ಮಗುವಿಗಾಗಿ ತುಂಬುವ ಹಾಳೆಯಾಗದೆ ತನಿಖೆಗಾಗಿ ತುಂಬುವ ಹಾಳೆಯಾಯಿತು. ಮೌಲ್ಯವಿಲ್ಲದೆ ಅಳತೆಯು ಮಾತ್ರ ಸಾಗಿದರೆ ಆಗುವುದು ಇದೇ.

ಲೆಕ್ಕವು ಎಷ್ಟು ಅಗತ್ಯವೆಂಬುದನ್ನು ಮಹಾಮಾರಿಯ ಕಾಲವು ತೋರಿಸಿತು. ೨೦೨೦ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದುದು ೨೦೨೧ರ ಅಕ್ಟೋಬರ್ ೨೫ರಂದು, ಹತ್ತೊಂಬತ್ತು ತಿಂಗಳು. ನಡುವೆ ೨೦೨೦ರಲ್ಲಿ ವಿದ್ಯಾಗಮವೆಂಬ ಏರ್ಪಾಟಿನಲ್ಲಿ ಉಪಾಧ್ಯಾಯರು ಊರ ಜಗಲಿಗಳಲ್ಲಿಯೂ ದೇವಾಲಯದ ಪ್ರಾಂಗಣಗಳಲ್ಲಿಯೂ ಪಾಠ ಹೇಳಿದರು. ಸೋಂಕಿನ ಭಯದಿಂದ ಅದನ್ನೂ ನಿಲ್ಲಿಸಬೇಕಾಯಿತು. ಎರಡನೆಯ ತರಗತಿಯ ವಯಸ್ಸಿಗೆ ಬಂದ ಮಗು ಶಾಲೆಯ ಹೊಸ್ತಿಲನ್ನೇ ಕಂಡಿರಲಿಲ್ಲ. ೨೦೦೫ರಿಂದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಮಗುವಿನ ಕೈಗೆ ಒಂದು ಸಣ್ಣ ಪಾಠವನ್ನೂ ಒಂದು ಕಳೆಯುವ ಲೆಕ್ಕವನ್ನೂ ಕೊಟ್ಟು ಪರೀಕ್ಷಿಸುವ ಅಸರ್ ಎಂಬ ಸಮೀಕ್ಷೆಯು, ೨೦೨೨ರಲ್ಲಿ ದೇಶದ ಹಳ್ಳಿಗಳ ಸರಕಾರಿ ಶಾಲೆಗಳಲ್ಲಿ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ೧೬.೩ ಎಂದು ಹೇಳಿತು. ೨೦೨೪ರಲ್ಲಿ ಆ ಸಂಖ್ಯೆ ೨೩.೪ಕ್ಕೆ ಏರಿತು. ಏರಿದುದು ಸಂತೋಷ. ಆದರೂ ನಾಲ್ವರಲ್ಲಿ ಮೂವರು ಓದಲಾರರೆಂಬುದು ಉಳಿದ ಮಾತು. ಪುಸ್ತಕದ ಮುಂದೆ ಕುಳಿತು ಅದನ್ನು ಓದಲಾರದ ಮಗುವು ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಉಣ್ಣಲಾರದ ಮಗುವಿನಂತೆಯೇ ಹಸಿದಿದೆ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಲೆಕ್ಕಕ್ಕೆ ಕೊರತೆಯುಂಟೋ? ಇಲ್ಲ. ಪ್ರತಿಯೊಂದು ಮಗುವಿಗೂ ಗುರುತಿನ ಸಂಖ್ಯೆಯುಂಟು. ಹಾಜರಿ, ಊಟ, ಪರೀಕ್ಷೆಗಳ ವಿವರಗಳು ಕಂಪ್ಯೂಟರಿನಲ್ಲಿ ಸೇರುತ್ತವೆ. ಕೊರತೆಯು ಬೇರೆಡೆ ಇದೆ. ಲೆಕ್ಕವು ಶಾಲೆಯಿಂದ ಕ್ಷೇತ್ರಶಿಕ್ಷಣಾಧಿಕಾರಿಗಳ ಕಚೇರಿಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ರಾಜಧಾನಿಗೆ ಏರುತ್ತದೆ. ಏರಿದಂತೆ ಇಳಿದು ಊರ ಜಗಲಿಗೆ ಬರುವುದು ಅಪರೂಪ. ಮೋಡವಾಗಿ ಹೋದ ನೀರು ಮಳೆಯಾಗಿ ಬಾರದಿದ್ದರೆ ನೆಲಕ್ಕೇನು ಫಲ?

ಇಳಿದು ಬರುವುದಕ್ಕೆ ಕಾಲುವೆಗಳು ಸಿದ್ಧವಾಗಿಯೇ ಇವೆ. ೨೦೦೧ರಿಂದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳುಂಟು. ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯು ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದೂ ವಿಧಿಸಿತು. ಸಮುದಾಯದತ್ತ ಶಾಲೆಯೆಂಬ ಕಾರ್ಯಕ್ರಮದಲ್ಲಿ ಮಕ್ಕಳ ಕಲಿಕೆಯನ್ನು ತಂದೆತಾಯಿಗಳ ಮುಂದಿಡುವ ರೂಢಿಯೂ ಬಂದಿತು. ಮಧ್ಯಾಹ್ನದ ಊಟದ ಯೋಜನೆಗೆ ಸರಕಾರವು ಅಕ್ಷರ ದಾಸೋಹವೆಂದು ಹೆಸರಿಟ್ಟುದು ಮಠಗಳ ಮಾತನ್ನು ನಾಡು ತನ್ನದಾಗಿಸಿಕೊಂಡುದಕ್ಕೆ ಗುರುತು. ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿದ ಆ ಯೋಜನೆಯಲ್ಲಿ ಅನ್ನವು ಎಲ್ಲ ಮಕ್ಕಳಿಗೂ ಒಂದೇ ಪಂಕ್ತಿಯಲ್ಲಿ ಬಂದಿತು. ಅಕ್ಷರವೂ ಹಾಗೆಯೇ ಬರಬೇಕೆಂಬುದು ಆ ಹೆಸರಿನ ಅರ್ಧಭಾಗ, ಅದಿನ್ನೂ ಪೂರ್ಣವಾಗಿಲ್ಲ.

ಸಮಿತಿಯವರೂ ಭಕ್ತರೂ ಕೇಳತಕ್ಕ ಲೆಕ್ಕವು ಹೆಚ್ಚಿನದಲ್ಲ, ಮೂರೇ. ಮೊದಲನೆಯದು ಹಾಜರಿಯ ಲೆಕ್ಕ, ವರ್ಷಕ್ಕೊಂದಲ್ಲ, ತಿಂಗಳು ತಿಂಗಳಿನದು. ಸೊಪ್ಪು ಹದಮಾಡುವ ತಿಂಗಳಲ್ಲಿ ಪಿರಿಯಾಪಟ್ಟಣದ ಊರಿನಲ್ಲಿ ಯಾವ ಮಕ್ಕಳು ಕಾಣೆಯಾದರು, ಕಾಫಿಯ ಕಾಲದಲ್ಲಿ ಕೋಟೆಯ ಹಾಡಿಯಿಂದ ಯಾರು ಹೋದರು, ನಾಟಿಯ ಕಾಲದಲ್ಲಿ ಕೃಷ್ಣರಾಜನಗರದ ಹಳ್ಳಿಯಲ್ಲಿ ಯಾವ ಹುಡುಗಿ ತಮ್ಮನನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಉಳಿದಳು ಎಂಬುದು ಅದರಿಂದ ತಿಳಿಯುವುದು. ಎರಡನೆಯದು ಓದಿನ ಲೆಕ್ಕ: ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಒಂದು ಸಣ್ಣ ಪಾಠವನ್ನು ಓದಿ ಅರ್ಥ ಹೇಳಬಲ್ಲದೆ, ಒಂದು ಕಳೆಯುವ ಲೆಕ್ಕವನ್ನು ಮಾಡಬಲ್ಲದೆ? ಮೂರನೆಯದು ದಾಟುವಿಕೆಯ ಲೆಕ್ಕ: ಊರ ಶಾಲೆಯನ್ನು ಮುಗಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಮುಂದಿನ ಶಾಲೆಯ ಬಾಗಿಲನ್ನು ಮುಟ್ಟಿದರು, ಮುಟ್ಟದವರು ಎಲ್ಲಿದ್ದಾರೆ? ಪ್ರೌಢಶಾಲೆಯು ದೂರವಾದಂತೆ ಹೆಣ್ಣುಮಕ್ಕಳ ದಾರಿ ಮೊದಲು ಮುಚ್ಚುವುದೆಂಬುದನ್ನು ಹಳ್ಳಿಯ ತಾಯಂದಿರು ಬಲ್ಲರು.

ಈ ಲೆಕ್ಕಗಳನ್ನು ಇಡುವವರಿಗೆ ಪಂಚಾಚಾರಗಳೇ ನಡೆಯ ನಿಯಮವಾಗಬಲ್ಲುವು. ಲಿಂಗಾಚಾರವೆಂದರೆ ಒಂದನ್ನೇ ನೆಚ್ಚುವ ನಿಷ್ಠೆ. ವರ್ಷಕ್ಕೊಂದು ಹೊಸ ಯೋಜನೆಯ ಬೆನ್ನುಹತ್ತದೆ ಮಗುವಿನ ಕಲಿಕೆಯೊಂದನ್ನೇ ಹಿಡಿಯುವುದು. ಸದಾಚಾರವೆಂದರೆ ಸತ್ಯಶುದ್ಧವಾದ ನಡೆ. ಬಾರದ ಮಗುವಿಗೆ ಹಾಜರಿ ಹಾಕದಿರುವುದು. ಶಿವಾಚಾರವೆಂದರೆ ಸಮಭಾವ, ಹಾಡಿಯ ಮಗುವಿನ ಒಂದು ಗೆರೆಗೂ ಊರ ಗೌಡನ ಮಗನ ಒಂದು ಗೆರೆಗೂ ಒಂದೇ ತೂಕ ಕೊಡುವುದು. ಗಣಾಚಾರವೆಂದರೆ ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು. ಉಪಾಧ್ಯಾಯರಿಲ್ಲದ ಶಾಲೆಯ ಲೆಕ್ಕವನ್ನು ಹಿಡಿದು ಅಧಿಕಾರಿಗಳನ್ನು ಕೇಳುವುದು. ಭೃತ್ಯಾಚಾರವೆಂದರೆ ಸೇವಕಭಾವ, ಲೆಕ್ಕ ಬಲ್ಲವನು ಲೆಕ್ಕಕ್ಕೆ ಒಡೆಯನಾಗದೆ ಮಗುವಿಗೆ ಆಳಾಗುವುದು. ಈ ಹೆಸರುಗಳು ಶರಣರವಾದರೂ ಹುರುಳು ಒಂದು ಮತದ ಸೊತ್ತಲ್ಲ. ಸತ್ಯ, ಸಮತೆ, ಸೇವೆ ಎಂಬ ಮಾತುಗಳನ್ನು ಊರಿನ ಯಾವ ಕೇರಿಯವರಾದರೂ ಒಪ್ಪುವರು. ಶಾಲೆಯು ಎಲ್ಲರದಾದ ಕಾರಣ ಮೌಲ್ಯವೂ ಎಲ್ಲರದಾಗಿರಬೇಕು.

ಸದಾಚಾರದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಮಕ್ಕಳು ಕಡಮೆಯಾದರೆ ಶಾಲೆಗೆ ಉಪಾಧ್ಯಾಯರು ಕಡಮೆಯಾಗುವರು. ತೀರ ಕಡಮೆಯಾದರೆ ಶಾಲೆಯು ಬೇರೆಯದರೊಡನೆ ಸೇರಿಹೋಗಬಹುದು. ಆ ಭಯದಿಂದ ಇಲ್ಲದ ಹೆಸರನ್ನು ಪಟ್ಟಿಯಲ್ಲಿ ಉಳಿಸುವ ಆಸೆ ಯಾವ ಊರಿನಲ್ಲಿಯಾದರೂ ಹುಟ್ಟಬಹುದು. ಆಸೆಯು ಊರಿನ ಮೇಲಣ ಪ್ರೀತಿಯಿಂದಲೇ ಹುಟ್ಟಿದರೂ ಫಲವು ಕ್ರೂರವಾದುದು. ಪಟ್ಟಿಯಲ್ಲಿ ಹಾಜರಾದ ಮಗುವನ್ನು ಯಾರೂ ಹುಡುಕಿ ಹೋಗರು. ಸುಳ್ಳು ಹಾಜರಿಯು ಶಾಲೆಯನ್ನು ಉಳಿಸಿದಂತೆ ತೋರಿ ಮಗುವನ್ನು ಕಳೆಯುವುದು. ಆದುದರಿಂದ ಸತ್ಯವಾದ ಲೆಕ್ಕವನ್ನು ಕೊಟ್ಟ ಉಪಾಧ್ಯಾಯನಿಗೆ ಶಿಕ್ಷೆಯಾಗದಂತೆ ಊರು ಅವನ ಬೆನ್ನ ಹಿಂದೆ ನಿಲ್ಲತಕ್ಕದ್ದು. ಲೆಕ್ಕವು ಬೆತ್ತವಾದರೆ ಅದನ್ನು ಕಂಡವರೆಲ್ಲ ಅಡಗಿಸುವರು. ದೀಪವಾದರೆ ಎಲ್ಲರೂ ಹತ್ತಿರಕ್ಕೆ ತರುವರು. ಹಿಂದುಳಿದ ಮಗುವಿನ ಹೆಸರನ್ನು ಸಭೆಯಲ್ಲಿ ಕೂಗಿ ಹೇಳುವುದೂ ಸಲ್ಲದು. ಊರಿಗೆ ಸಂಖ್ಯೆ ಸಾಕು. ಹೆಸರು ಉಪಾಧ್ಯಾಯರಿಗೂ ಹೆತ್ತವರಿಗೂ ತಿಳಿದಿದ್ದರೆ ಸಾಕು.

ಕಡೆಯದಾಗಿ, ಮಹೋತ್ಸವದ ನೆನಪಿಗೆ ಭಕ್ತರು ಏನು ಮಾಡಬಹುದೆಂಬ ಪ್ರಶ್ನೆ. ಕಮಾನು ಕಟ್ಟಿಸಬಹುದು, ಕಟ್ಟಡಕ್ಕೆ ಹೆಸರು ಬರೆಸಬಹುದು. ಅವೂ ಒಳ್ಳೆಯ ಕೆಲಸಗಳೇ. ಅದಕ್ಕಿಂತ ಕಡಮೆ ಖರ್ಚಿನ ಸೇವೆಯೊಂದುಂಟು. ತಿಂಗಳಿಗೊಂದು ದಿನ ತಮ್ಮೂರಿನ ಶಾಲೆಗೆ ಹೋಗಿ, ಉಪಾಧ್ಯಾಯರಿಗೆ ಕೈಮುಗಿದು, ಈ ತಿಂಗಳು ಯಾರು ಬರಲಿಲ್ಲ, ಅವರಿಗೆ ಏನು ಬೇಕು ಎಂದು ಕೇಳುವುದು. ಒಬ್ಬನಿಗೆ ಕನ್ನಡಕ ಬೇಕಾಗಿರಬಹುದು. ಒಬ್ಬಳಿಗೆ ಬಸ್ಸಿನವರೆಗೆ ಜೊತೆ ಬೇಕಾಗಿರಬಹುದು. ವಲಸೆ ಹೋಗುವ ಮನೆಯ ಮಗುವಿಗೆ ಮೂರು ತಿಂಗಳು ಉಳಿಯುವ ಒಂದು ಚಾವಡಿ ಬೇಕಾಗಿರಬಹುದು. ಶ್ರೀಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿದುದು ಇಂಥ ಮಗುವಿಗಾಗಿಯೇ.

ಪಂಕ್ತಿಯಲ್ಲಿ ಬಡಿಸುವವನು ಕಡೆಯ ಎಲೆಯವರೆಗೂ ನಡೆದು, ಇನ್ನಾರಾದರೂ ಉಳಿದರೋ ಎಂದು ಬಾಗಿಲಿನಾಚೆ ನೋಡಿ ಬರುವನು. ಕೋಟೆಯ ಕಾಡಂಚಿನಲ್ಲಿ, ಹುಣಸೂರಿನ ಹಾಡಿಯಲ್ಲಿ, ಬ್ಯಾರನ್ನಿನ ಬಳಿಯಲ್ಲಿ, ನಾಲೆಯ ಏರಿಯ ಮೇಲೆ ಇನ್ನೂ ಮಕ್ಕಳು ಉಳಿದಿದ್ದಾರೆ. ಅವರ ಎಲೆಯನ್ನು ಹಾಕಿದ ದಿನ ಈ ಮಹೋತ್ಸವವು ಪೂರ್ಣವಾಗುವುದು.